ಕ್ರಿಮಿಗಳನ್ನು ಕಂಡದ್ದು 1676ರಲ್ಲಿ, ರೋಗದ ಕಾರಣ ಗೊತ್ತಾದದ್ದು 200 ವರ್ಷ ಕಳೆದ ಮೇಲೆ. ನಡುವೆ ಏನಾಯ್ತು?

ಪ್ರಶ್ನೆ: ಲೀವೆನ್‌ಹುಕ್ ಎಂಬ ಡಚ್ ಬಟ್ಟೆ ವ್ಯಾಪಾರಿ 1670ರ ದಶಕದಲ್ಲೇ ಬ್ಯಾಕ್ಟೀರಿಯಾಗಳನ್ನು ನೋಡಿದ್ದ ಅಂತ ಓದಿದೆ. ಆದರೆ ರೋಗಕ್ಕೆ ಇವೇ ಕಾರಣ ಅಂತ ಫ್ರಾನ್ಸಿನ ಪಾಶ್ಚರ್, ಜರ್ಮನಿಯ ಕಾಕ್ ಎಂಬ ವಿಜ್ಞಾನಿಗಳು ತೋರಿಸಿದ್ದು 1870-80ರ ಸುಮಾರಿಗೆ. 200 ವರ್ಷ ಯಾಕೆ ಬೇಕಾಯ್ತು? ಕಾಲೇಜು ಮೆಟ್ಟಿಲು ಹತ್ತದ ಒಬ್ಬ ವ್ಯಾಪಾರಿಯ ಮಾತು ಅಂತ ಪಂಡಿತರು ನಂಬಲಿಲ್ವಾ?

ಉತ್ತರ: ನಂಬಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ "ಓದದವನ ಮಾತನ್ನು ಓದಿದವರು ತಳ್ಳಿಹಾಕಿದರು" ಎಂಬ ಕತೆ ಎಲ್ಲ ಕಡೆ ಓಡಾಡುತ್ತಿದೆ. ಅದು ನಿಜವಲ್ಲ. ಮೊದಲು ಅನುಮಾನ ಬಂತು, ಅದು ಸಹಜ. ಆಮೇಲೆ ಅವರೇ ಪರೀಕ್ಷೆ ಮಾಡಿ ನೋಡಿದರು, ಕಂಡಿತು, ಒಪ್ಪಿಕೊಂಡರು. 1680ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿಯೂ ಮಾಡಿಕೊಂಡಿತು. ತೊಡಕು ಇದ್ದದ್ದು ಬೇರೆ ಕಡೆ. ನೋಡುವ ಕೈಚಳಕ ಒಂದೇ ಮನೆಯೊಳಗೆ ಉಳಿದುಹೋಯಿತು. ಜೊತೆಗೆ, ಕಂಡದ್ದರ ಬಗ್ಗೆ ಮುಂದೆ ಏನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನ್ನ ಪ್ರಕಾರ ಈ ಹೊಳೆಯದೆ ಹೋದದ್ದೇ ದೊಡ್ಡ ಕಾರಣ, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಮನುಷ್ಯ ಯಾರು ಅಂತ ನೋಡೋಣ. ಆಂಟೋನಿ ವಾನ್ ಲೀವೆನ್‌ಹುಕ್ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ಅದೇ ವರ್ಷ ಅದೇ ಊರಿನಲ್ಲಿ ಚಿತ್ರಕಾರ ವರ್ಮೀರ್ ಕೂಡ ಹುಟ್ಟಿದ. ವರ್ಮೀರ್ ಸಾಲ ಮಾಡಿಕೊಂಡು ತೀರಿಹೋದಾಗ ಅವನ ಆಸ್ತಿಯ ಲೆಕ್ಕ ನೋಡಿಕೊಳ್ಳಲು ನೇಮಕವಾದವನು ಇದೇ ಲೀವೆನ್‌ಹುಕ್. ಇಬ್ಬರೂ ಗೆಳೆಯರು, ವರ್ಮೀರ್‌ಗೆ ಮಸೂರ ಕೊಟ್ಟವನೇ ಈತ ಎಂದೆಲ್ಲ ಬರೆಯುತ್ತಾರೆ. ಅದಕ್ಕೆ ಆಧಾರವಿಲ್ಲ, ಬಿಟ್ಟುಬಿಡಿ.

ಅಪ್ಪ ಬುಟ್ಟಿ ಹೆಣೆಯುವವನು, ಬೇಗ ತೀರಿಕೊಂಡ. ಹುಡುಗನನ್ನು ಹದಿನಾರರ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಕಲಿಯಲು ಬಿಟ್ಟರು. 1654ರಲ್ಲಿ ಊರಿಗೆ ವಾಪಸ್ ಬಂದು ಮದುವೆಯಾಗಿ ತನ್ನದೇ ಬಟ್ಟೆ ಅಂಗಡಿ ಇಟ್ಟ. ಬಟ್ಟೆ ವ್ಯಾಪಾರಿಗಳು ಆಗ ನೇಯ್ಗೆ ಎಷ್ಟು ಒತ್ತಾಗಿದೆ ಅಂತ ನೋಡಲು ಭೂತಗಾಜು ಇಟ್ಟು ಎಳೆ ಎಣಿಸುತ್ತಿದ್ದರು. ಗಾಜಿನ ಜೊತೆ ಈತನ ನಂಟು ಶುರುವಾದದ್ದು ಅಲ್ಲಿಂದಲೇ ಇರಬೇಕು. 1660ರಲ್ಲಿ ಪುರಸಭೆಯಲ್ಲಿ ಒಂದು ನೌಕರಿ ಸಿಕ್ಕಿತು. ಕೆಲಸ ಹಗುರ, ಸಂಬಳ ಖಾಯಂ. ಮುಂದೆ ಭೂಮಾಪಕನ ಪರವಾನಗಿಯನ್ನೂ ಪಡೆದ, ವೈನ್ ಪೀಪಾಯಿಗಳ ಅಳತೆಗಾರನ ಕೆಲಸವನ್ನೂ ಮಾಡಿದ. ಈ ಮೂರನ್ನೂ ನೆನಪಿಡಿ: ಎಳೆ ಎಣಿಸುವುದು, ನೆಲ ಅಳೆಯುವುದು, ಪೀಪಾಯಿ ಅಳೆಯುವುದು. ಅಳತೆ ಅವನಿಗೆ ಅಭ್ಯಾಸವಾಗಿತ್ತು. ಕಂಡದ್ದನ್ನು ಬರೀ ಬಣ್ಣಿಸದೆ "ಇದು ಮರಳಿನ ಕಾಳಿಗಿಂತ ಇಷ್ಟು ಪಟ್ಟು ಚಿಕ್ಕದು" ಎಂದು ಲೆಕ್ಕ ಕೊಡುತ್ತಿದ್ದ. ರಕ್ತದ ಕೆಂಪು ಕಣ ನುಣ್ಣನೆ ಮರಳಿನ ಒಂದು ಕಾಳಿಗಿಂತ 25,000 ಪಟ್ಟು ಚಿಕ್ಕದು ಅಂದ. ಇವತ್ತಿನ ಅಳತೆಗೆ ಅದು ಎಷ್ಟು ಹತ್ತಿರ ಇದೆ ಅಂದರೆ, ಮರಳು ಮತ್ತು ಕೂದಲನ್ನೇ ಅಳತೆಗೋಲು ಮಾಡಿಕೊಂಡ ಒಬ್ಬ ಮನುಷ್ಯ ಇದನ್ನು ಹೇಗೆ ಸಾಧಿಸಿದ ಅಂತ ನನಗೆ ಈಗಲೂ ಅಚ್ಚರಿಯಾಗುತ್ತದೆ.

ಅವನ ಮೈಕ್ರೋಸ್ಕೋಪ್ ನೋಡಿದರೆ ನೀವು ಮೈಕ್ರೋಸ್ಕೋಪ್ ಅಂತ ಗುರುತೇ ಹಿಡಿಯುವುದಿಲ್ಲ. ಬೆರಳುದ್ದಕ್ಕಿಂತ ಚಿಕ್ಕದಾದ ಎರಡು ಹಿತ್ತಾಳೆ ತಗಡು, ನಡುವೆ ಒಂದು ಸಣ್ಣ ತೂತು, ತೂತಿನಲ್ಲಿ ಒಂದೇ ಒಂದು ಪುಟಾಣಿ ಮಸೂರ. ಹಿಂದೆ ಒಂದು ಮೊನೆ, ಅದರ ಮೇಲೆ ನೋಡಬೇಕಾದ ವಸ್ತು. ತಿರುಪು ತಿರುಗಿಸಿ ಹತ್ತಿರ-ದೂರ ಮಾಡಿಕೊಳ್ಳಬೇಕು. ಕಣ್ಣಿಗೆ ಅಂಟಿಸಿದ ಹಾಗೆ ಹಿಡಿದು ಬೆಳಕಿನ ಕಡೆ ತಿರುಗಿ ನೋಡಬೇಕು. ಅಷ್ಟೇ. ಆಗ ಎರಡು ಮೂರು ಮಸೂರ ಸೇರಿಸಿದ ದೊಡ್ಡ ಮೈಕ್ರೋಸ್ಕೋಪ್‌ಗಳೂ ಇದ್ದವು. 1665ರಲ್ಲಿ ಮೈಕ್ರೋಗ್ರಾಫಿಯಾ ಎಂಬ ಚಿತ್ರಪುಸ್ತಕ ತಂದು ಹೆಸರಾದ ಲಂಡನ್ನಿನ ರಾಬರ್ಟ್ ಹುಕ್ ಅಂಥದ್ದನ್ನೇ ಬಳಸಿದ್ದ. ಆದರೆ ಅವುಗಳಲ್ಲಿ ಒಂದು ಮಸೂರದ ದೋಷವನ್ನು ಇನ್ನೊಂದು ಹೆಚ್ಚಿಸುತ್ತಿತ್ತು. ಅಂಚೆಲ್ಲ ಮಸುಕು, ಸುತ್ತ ಬಣ್ಣದ ಉಂಗುರ. ಒಂದೇ ಮಸೂರ ಇದ್ದರೆ ಆ ತಾಪತ್ರಯ ಕಡಿಮೆ. ಲೀವೆನ್‌ಹುಕ್ ಮಾಡಿದ ಮಸೂರಗಳಲ್ಲಿ ಈಗ ಯೂಟ್ರೆಕ್ಟ್ ನಗರದಲ್ಲಿ ಉಳಿದಿರುವ ಒಂದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಬ್ಯಾಕ್ಟೀರಿಯಾ ಕಾಣಲು ಅಷ್ಟು ಸಾಕು, ಕಣ್ಣು ಚುರುಕಾಗಿರಬೇಕು, ಬೆಳಕನ್ನು ಹೊಂದಿಸಿಕೊಳ್ಳುವ ಜಾಣ್ಮೆ ಇರಬೇಕು.

ಇನ್ನು ಆ ಕಂಡ ಕತೆ. ಇದರಲ್ಲಿ ನಮಗೆ ಹತ್ತಿರವಾದ ಒಂದು ಸಾಮಾನು ಬರುತ್ತದೆ: ಕಾಳುಮೆಣಸು.

1673ರಲ್ಲಿ ಡೆಲ್ಫ್ಟ್‌ನ ವೈದ್ಯ ರೆನಿಯರ್ ದ ಗ್ರಾಫ್ ರಾಯಲ್ ಸೊಸೈಟಿಗೆ ಪತ್ರ ಬರೆದು "ನಮ್ಮೂರಲ್ಲಿ ಇಂಥವನೊಬ್ಬ ಇದ್ದಾನೆ" ಅಂತ ಪರಿಚಯಿಸಿದ. ಅದರ ಜೊತೆ ಬೂಷ್ಟು, ಜೇನುನೊಣದ ಮುಳ್ಳು, ಹೇನು ಇವುಗಳ ಬಗ್ಗೆ ಲೀವೆನ್‌ಹುಕ್‌ನ ಟಿಪ್ಪಣಿ ಹೋಯಿತು. ಲ್ಯಾಟಿನ್ ಬಾರದು, ಬರೆದದ್ದೆಲ್ಲ ಆಡುವ ಡಚ್ಚಿನಲ್ಲಿ. ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್ ಅನುವಾದ ಮಾಡಿಸಿ ಅಚ್ಚು ಹಾಕಿಸಿದ. ಅಲ್ಲಿಂದ ಸುಮಾರು 50 ವರ್ಷ ಪತ್ರಗಳು ಹೋಗುತ್ತಲೇ ಇದ್ದವು. 1674ರಲ್ಲಿ ಊರ ಹತ್ತಿರದ ಒಂದು ಕೆರೆಯ ನೀರು ತಂದು ನೋಡಿದ. ಬೇಸಿಗೆಯಲ್ಲಿ ಆ ನೀರು ಬೆಳ್ಳಗಾಗಿ ಹಸಿರು ಪಾಚಿ ತೇಲುತ್ತಿತ್ತು, ಜನ ಅದು ಮಂಜು ಬಿದ್ದು ಆದದ್ದು ಅನ್ನುತ್ತಿದ್ದರು. ಈತನಿಗೆ ಹಸಿರು ಸುರುಳಿ ಎಳೆಗಳೂ ಓಡಾಡುವ ಪುಟ್ಟ ಜೀವಿಗಳೂ ಕಂಡವು.

1676ರಲ್ಲಿ ಅವನಿಗೆ ಇನ್ನೊಂದು ಪ್ರಶ್ನೆ ಹತ್ತಿಕೊಂಡಿತು. ಮೆಣಸು ಯಾಕೆ ನಾಲಿಗೆಗೆ ಖಾರವಾಗುತ್ತದೆ? ಮೆಣಸಿನೊಳಗೆ ಚುಚ್ಚುವ ಮೊನೆಗಳು ಇರಬಹುದು ಎಂಬುದು ಆ ಕಾಲದ ಒಂದು ಊಹೆ. ಮೆಣಸು ಅವನ ಊರಿನಲ್ಲಿ ಸುಲಭವಾಗಿ ಸಿಗುತ್ತಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿ ನಮ್ಮ ಪಶ್ಚಿಮ ಕರಾವಳಿಯಿಂದಲೂ ಜಾವಾ-ಸುಮಾತ್ರಾಗಳಿಂದಲೂ ಹಡಗುಗಟ್ಟಲೆ ಮೆಣಸು ಸಾಗಿಸುತ್ತಿತ್ತು, 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡದ್ದೂ ಇದರ ಆಸೆಗೇ. ಕಂಪನಿಯ ಒಂದು ಕಚೇರಿ ಡೆಲ್ಫ್ಟ್‌ನಲ್ಲೇ ಇತ್ತು. ಲೀವೆನ್‌ಹುಕ್ ಮೆಣಸನ್ನು ಹಿಮ ಕರಗಿದ ನೀರಿನಲ್ಲಿ ನೆನೆಹಾಕಿದ. ಮೆತ್ತಗಾದ ಮೇಲೆ ಸೀಳಿ ನೋಡೋಣ ಎಂಬುದು ಅವನ ಎಣಿಕೆ. ಮೂರು ವಾರ ಹಾಗೇ ಇಟ್ಟ. ಏಪ್ರಿಲ್ 24ರಂದು ಆ ನೀರನ್ನು ನೋಡಿದರೆ ಚುಚ್ಚುವ ಮೊನೆ ಒಂದೂ ಇಲ್ಲ, ಬದಲಿಗೆ ಲೆಕ್ಕವಿಲ್ಲದಷ್ಟು ಜೀವಿಗಳು. ಬೇರೆ ಬೇರೆ ಥರದವು, ಅವುಗಳಲ್ಲಿ ಕೆಲವು ಅವನು ಅಲ್ಲಿಯವರೆಗೆ ಕಂಡಿದ್ದಕ್ಕಿಂತ ಎಷ್ಟೋ ಪಾಲು ಚಿಕ್ಕವು. ಮೊದಲ ಸಲ ಮನುಷ್ಯನೊಬ್ಬ ಬ್ಯಾಕ್ಟೀರಿಯಾ ನೋಡಿದ್ದಕ್ಕೆ ನಮ್ಮ ಹತ್ತಿರ ಇರುವ ಖಚಿತ ದಾಖಲೆ ಇದು. ಖಾರದ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ.

ಅಕ್ಟೋಬರ್ 9ಕ್ಕೆ ಹದಿನೇಳೂವರೆ ಪುಟದ ಪತ್ರ ಲಂಡನ್ನಿಗೆ ಹೋಯಿತು. ಒಂದು ಹನಿ ನೀರಿನಲ್ಲಿ ಒಂದು ಊರಿಗಿಂತ ಜಾಸ್ತಿ ಜೀವಿಗಳಿವೆ ಅಂತ ಯಾರಾದರೂ ಬರೆದರೆ ನೀವಾದರೂ ಒಂದು ಸಲ ಹುಬ್ಬು ಏರಿಸುತ್ತೀರಿ. ಅವರೂ ಏರಿಸಿದರು. ಲೀವೆನ್‌ಹುಕ್ ಪಾದ್ರಿಗಳೂ ಸೇರಿ ಊರಿನ 8 ಜನ ಗಣ್ಯರನ್ನು ಮನೆಗೆ ಕರೆದು ತೋರಿಸಿ, ಅವರ ಸಹಿ ಇರುವ ಸಾಕ್ಷಿಪತ್ರ ಕಳಿಸಿದ. ನವಣೆ ಕಾಳಿನಂಥ ಒಂದು ಕಿರುಧಾನ್ಯದಷ್ಟೇ ನೀರಿನಲ್ಲಿ ತಾವು 10,000 ಕಂಡೆವು, 30,000 ಕಂಡೆವು, 45,000 ಕಂಡೆವು ಅಂತ ಒಬ್ಬೊಬ್ಬರು ಒಂದೊಂದು ಅಂದಾಜು ಕೊಟ್ಟರು. ಲಂಡನ್ನಿನಲ್ಲಿ ಸಸ್ಯಶಾಸ್ತ್ರಿ ನೆಹೆಮಯಾ ಗ್ರೂ ಪ್ರಯತ್ನ ಮಾಡಿದ, ಕಾಣಲಿಲ್ಲ. ಆಮೇಲೆ ಕೆಲಸ ರಾಬರ್ಟ್ ಹುಕ್ ಕೈಗೆ ಬಂತು. ಅವನಿಗೂ ಮೊದಲ ಸಲಕ್ಕೆ ಕಾಣಲಿಲ್ಲ. ಹೊಸದಾಗಿ ಮೆಣಸು ನೆನೆಹಾಕಿ, ಇನ್ನೂ ಒಳ್ಳೆಯ ಮಸೂರ ಮಾಡಿಕೊಂಡು ನೋಡಿದ. 1677ರ ನವೆಂಬರ್ 15ರ ಸಭೆಯಲ್ಲಿ ಎಲ್ಲರೂ ಒಬ್ಬರಾದ ಮೇಲೊಬ್ಬರು ಕಣ್ಣಾರೆ ಕಂಡರು. ಸೇಂಟ್ ಪಾಲ್ಸ್ ಚರ್ಚ್ ಕಟ್ಟಿದ ಕ್ರಿಸ್ಟೋಫರ್ ರೆನ್ ಕೂಡ ಅಲ್ಲಿದ್ದ. ಇನ್ನು ಅನುಮಾನ ಇಲ್ಲ ಅಂತ ಸಭೆಯ ಕಡತದಲ್ಲೇ ಬರೆದುಕೊಂಡರು. ಹಾಗಾಗಿ ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಇಲ್ಲಿದೆ. ವ್ಯಾಪಾರಿ ಅಂತ ಯಾರೂ ತಳ್ಳಿಹಾಕಲಿಲ್ಲ. ಅನುಮಾನಪಟ್ಟರು, ಸರಿಯಾದ ರೀತಿಯಲ್ಲೇ ಅದನ್ನು ಬಗೆಹರಿಸಿಕೊಂಡರು.

ಈಗ ಮೊದಲ ಭಾಗ. 200 ವರ್ಷ ಯಾಕೆ?

ಒಂದು ಕಾರಣ ಲೀವೆನ್‌ಹುಕ್ ಸ್ವತಃ. ಕಂಡದ್ದನ್ನೆಲ್ಲ ಧಾರಾಳವಾಗಿ ಬರೆದ, ಆದರೆ ಹೇಗೆ ಕಂಡೆ ಎಂಬುದನ್ನು ಬಚ್ಚಿಟ್ಟುಕೊಂಡ. ಬಂದವರಿಗೆ ಸಾಧಾರಣ ಮಸೂರಗಳನ್ನು ತೋರಿಸುತ್ತಿದ್ದ, ಒಳ್ಳೆಯವನ್ನು ತನಗೇ ಇಟ್ಟುಕೊಳ್ಳುತ್ತಿದ್ದ. ಮಾರಲಿಲ್ಲ, ಶಿಷ್ಯರನ್ನು ತಯಾರು ಮಾಡಲಿಲ್ಲ. 1715ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಪತ್ರ ಬರೆದು, ನಾಲ್ಕು ಹುಡುಗರಿಗೆ ಇದನ್ನು ಕಲಿಸಬಾರದೇ ಅಂತ ಕೇಳಿದಾಗಲೂ ಒಪ್ಪಲಿಲ್ಲ. ಬರುವವರು ದುಡ್ಡಿಗೆ ಇಲ್ಲವೇ ಹೆಸರಿಗೆ ಬರುತ್ತಾರೆ, ಸಾವಿರಕ್ಕೊಬ್ಬನಿಗೂ ಇದಕ್ಕೆ ಬೇಕಾದ ತಾಳ್ಮೆ ಇರುವುದಿಲ್ಲ ಎಂಬುದು ಅವನ ವಾದ. ನನಗೆ ಈತನ ಮೇಲೆ ಅಪಾರ ಗೌರವವಿದೆ, ಆದರೂ ಈ ವಿಷಯದಲ್ಲಿ ಅವನು ಮಾಡಿದ್ದು ತಪ್ಪು ಅಂತಲೇ ಹೇಳುತ್ತೇನೆ. 1723ರಲ್ಲಿ 90ರ ವಯಸ್ಸಿನಲ್ಲಿ ತೀರಿಕೊಂಡಾಗ ರಾಯಲ್ ಸೊಸೈಟಿಗೆ 26 ಬೆಳ್ಳಿ ಮೈಕ್ರೋಸ್ಕೋಪ್‌ಗಳನ್ನು ಬಿಟ್ಟುಹೋದ. ಅವು ಮುಂದೆ ಅಲ್ಲಿಂದ ಕಾಣೆಯಾದವು. ಉಳಿದವನ್ನು ಮಗಳು ಮರಿಯಾ ಸತ್ತ ಮೇಲೆ 1747ರಲ್ಲಿ ಹರಾಜು ಹಾಕಿದರು. ಒಟ್ಟು 500ಕ್ಕೂ ಹೆಚ್ಚು ಮಸೂರ ಮಾಡಿದ್ದವನದು ಇವತ್ತು ಉಳಿದಿರುವುದು ಹತ್ತು ಚಿಲ್ಲರೆ ಮೈಕ್ರೋಸ್ಕೋಪ್. ನ್ಯೂಟ್ರಾನ್ ಕಿರಣ ಹಾಯಿಸಿ, ತಗಡು ಬಿಚ್ಚದೆಯೇ ಒಳಗಿನ ಮಸೂರದ ಆಕಾರ ನೋಡಲು ಸಾಧ್ಯವಾದದ್ದು 2021ರಲ್ಲಿ. ಆ ಯೂಟ್ರೆಕ್ಟ್ ಮಸೂರ ಉಜ್ಜಿ ಮಾಡಿದ್ದಲ್ಲ, ಗಾಜಿನ ಎಳೆಯನ್ನು ಬೆಂಕಿಯಲ್ಲಿ ಕರಗಿಸಿ ಗುಂಡು ಮಾಡಿದ್ದು ಅಂತ ಗೊತ್ತಾಯಿತು. ಆ ವಿಧಾನವನ್ನು ರಾಬರ್ಟ್ ಹುಕ್ ತನ್ನ ಪುಸ್ತಕದ ಮುನ್ನುಡಿಯಲ್ಲಿ 1665ರಲ್ಲೇ ಬರೆದು ಎಲ್ಲರಿಗೂ ಕೊಟ್ಟಿದ್ದ!

ಎರಡನೇ ಕಾರಣ ಗಾಜಿನದು. ಒಂಟಿ ಮಸೂರದಲ್ಲಿ ನೋಡುವುದು ಕಣ್ಣಿಗೆ ಹಿಂಸೆ, ಜನ ಮತ್ತೆ ಜೋಡಿ ಮಸೂರದ ಮೈಕ್ರೋಸ್ಕೋಪ್ ಕಡೆಗೇ ಹೋದರು. ಅದರ ಬಣ್ಣದ ಉಂಗುರದ ದೋಷವನ್ನು ಸರಿಯಾಗಿ ನಿವಾರಿಸುವ ದಾರಿ ಸಿಕ್ಕಿದ್ದು 1830ರ ಹೊತ್ತಿಗೆ. ಅದನ್ನು ತೋರಿಸಿದವನು ಇಂಗ್ಲೆಂಡಿನ ವೈನ್ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್. ಇವನ ಮಗನೇ 1867ರಲ್ಲಿ ಕಾರ್ಬಾಲಿಕ್ ಆಮ್ಲ ಹಚ್ಚಿ ಶಸ್ತ್ರಚಿಕಿತ್ಸೆಯ ಗಾಯ ಕೀವಾಗದಂತೆ ಮಾಡಿದ ಸರ್ಜನ್ ಲಿಸ್ಟರ್. ಅಪ್ಪ ನೋಡುವ ಉಪಕರಣ ಸರಿ ಮಾಡಿದ, ಮಗ ಅದರಲ್ಲಿ ಕಾಣುವ ವಸ್ತುವಿನ ವಿರುದ್ಧ ಹೋರಾಡಿದ. ಇಂಥ ಅಪ್ಪ-ಮಗನ ಜೋಡಿ ವಿಜ್ಞಾನದಲ್ಲಿ ಅಪರೂಪ.

ಆದರೆ ಗಾಜನ್ನಷ್ಟೇ ದೂರಿದರೆ ಸಾಲದು. ಮೂರನೇ ಕಾರಣವೇ ಮುಖ್ಯ.

ಲೀವೆನ್‌ಹುಕ್‌ನ 1683ರ ಪತ್ರ ನೋಡಿ. ತಾನು ದಿನಾ ಉಪ್ಪು ಹಾಕಿ ಹಲ್ಲು ಉಜ್ಜುತ್ತೇನೆ, ಕಡ್ಡಿಯಿಂದ ಸಂದು ಕೆದಕುತ್ತೇನೆ, ಬಟ್ಟೆಯಿಂದ ಒರೆಸುತ್ತೇನೆ, ಆದರೂ ಹಲ್ಲಿನ ಬುಡದಲ್ಲಿ ಬಿಳಿ ಹಿಟ್ಟಿನಂಥದ್ದು ಉಳಿಯುತ್ತದೆ ಅನ್ನುತ್ತಾನೆ. ಅದನ್ನು ಮಳೆನೀರಿನಲ್ಲಿ ಕಲಸಿ ನೋಡಿದರೆ ಓಡಾಡುವ, ತಿರುಗುವ, ಹಾವಿನಂತೆ ಬಾಗುವ ಜೀವಿಗಳು. ನಮ್ಮ ದೇಶದಲ್ಲಿರುವ ಜನರಿಗಿಂತ ಜಾಸ್ತಿ ಜೀವಿಗಳು ನನ್ನ ಬಾಯಲ್ಲೇ ಇವೆ ಅಂತ ಬರೆದ. ಚಿತ್ರವನ್ನೂ ಬರೆಸಿದ, ಬ್ಯಾಕ್ಟೀರಿಯಾಗಳ ಮೊದಲ ಚಿತ್ರಗಳು ಅವೇ. ಈಗ ಯೋಚಿಸಿ. ಅವನು ಗಟ್ಟಿಮುಟ್ಟಾಗಿದ್ದ. ಹಲ್ಲು ಚೆನ್ನಾಗಿತ್ತು. ಆರೋಗ್ಯವಾಗಿರುವ ಮನುಷ್ಯನ ಬಾಯಲ್ಲೇ ಇಷ್ಟೊಂದು ಇದ್ದರೆ, ಇವು ರೋಗ ತರುತ್ತವೆ ಅಂತ ಯಾರಿಗಾದರೂ ಯಾಕೆ ಅನಿಸಬೇಕು? ಕೆರೆಯಲ್ಲಿವೆ, ಮಳೆನೀರಿನಲ್ಲಿವೆ, ಮೆಣಸಿನ ನೀರಿನಲ್ಲಿವೆ, ಹಲ್ಲಿನಲ್ಲಿವೆ. ಎಲ್ಲ ಕಡೆ ಇರುವುದನ್ನು ಒಂದು ನಿರ್ದಿಷ್ಟ ಕಾಯಿಲೆಗೆ ಕಾರಣ ಅಂತ ಹೇಳುವುದು ಆಗ ತರ್ಕಕ್ಕೆ ಕೂರುತ್ತಿರಲಿಲ್ಲ.

ಇದಕ್ಕಿಂತ ಮನ ಕಲಕುವ ಪತ್ರ 1681ರದು. ಅವನಿಗೆ ಭೇದಿ ಆಗಿತ್ತು. ತನ್ನದೇ ಮಲವನ್ನು ನೋಡಿದ. ಚಪ್ಪಟೆ ಹೊಟ್ಟೆಯ, ಪುಟ್ಟ ಕಾಲುಗಳಂಥವು ಇರುವ, ಸರಸರ ಅಲುಗುವ ಜೀವಿಗಳು ಕಂಡವು. ಈಗ ಅದನ್ನು ಜಿಯಾರ್ಡಿಯಾ ಅಂತ ಗುರುತಿಸುತ್ತಾರೆ, ಭೇದಿ ತರುವ ಪರೋಪಜೀವಿ. ಅಂದರೆ ರೋಗಿ, ರೋಗ, ರೋಗಾಣು, ಮೈಕ್ರೋಸ್ಕೋಪ್ ನಾಲ್ಕೂ ಒಂದೇ ಕೋಣೆಯಲ್ಲಿದ್ದವು. ಕಂಡದ್ದನ್ನು ಅಚ್ಚುಕಟ್ಟಾಗಿ ಬರೆದ, ಕಾರಣ ಅಂತ ಜೋಡಿಸಲಿಲ್ಲ. ಭೇದಿ ಆದಾಗ ಅವು ಬಂದಿವೆಯೋ, ಅವು ಬಂದದ್ದರಿಂದ ಭೇದಿ ಆಯ್ತೋ ಅಂತ ಬೇರ್ಪಡಿಸಿ ನೋಡುವ ವಿಧಾನವೇ ಆಗ ಇರಲಿಲ್ಲ. ಆ ಕಾಲದ ವೈದ್ಯರಿಗೆ ಕಾಯಿಲೆ ಅಂದರೆ ದೇಹದ ರಸಗಳ ಏರುಪೇರು, ಇಲ್ಲವೇ ಕೊಳೆತ ಗಾಳಿಯ ಪರಿಣಾಮ.

ಯಾರಿಗೂ ಹೊಳೆಯಲೇ ಇಲ್ಲ ಅಂತಲೂ ಅಲ್ಲ. 1720ರಲ್ಲಿ, ಲೀವೆನ್‌ಹುಕ್ ಇನ್ನೂ ಬದುಕಿದ್ದಾಗಲೇ, ಲಂಡನ್ನಿನ ವೈದ್ಯ ಬೆಂಜಮಿನ್ ಮಾರ್ಟೆನ್ ಕ್ಷಯರೋಗಕ್ಕೆ ಇಂಥ ಪುಟ್ಟ ಜೀವಿಗಳೇ ಕಾರಣ ಇರಬಹುದು, ರೋಗಿಯ ಜೊತೆ ಸದಾ ಒಟ್ಟಿಗೆ ಮಲಗಿ, ಉಂಡು, ಅವನ ಉಸಿರನ್ನೇ ಉಸಿರಾಡುವವರಿಗೆ ಅದು ಹರಡಬಹುದು ಅಂತ ಬರೆದಿದ್ದ. ಬಹುತೇಕ ಸರಿ! ಆದರೆ ಅದು ಊಹೆ. ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೀವಿಗಳನ್ನೆಲ್ಲ ವಿಂಗಡಿಸಿ ಹೆಸರಿಟ್ಟ ಲಿನೇಯಸ್ ಕೂಡ 1767ರಲ್ಲಿ ಇವುಗಳನ್ನು "ಕೇಯಾಸ್" (ಗೊಂದಲ) ಎಂಬ ಒಂದೇ ಗುಂಪಿಗೆ ತುಂಬಿ ಮುಂದೆ ಹೋದ.

ದಾರಿ ತೆರೆದದ್ದು ರೇಷ್ಮೆ ಹುಳ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗ ಗೊತ್ತು. ಹುಳ ಸತ್ತು ಸುಣ್ಣ ಬಳಿದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇಟಲಿಯ ಅಗೊಸ್ತಿನೋ ಬಾಸ್ಸಿ ವರ್ಷಗಟ್ಟಲೆ ಇದರ ಹಿಂದೆ ಬಿದ್ದು, 1835ರಲ್ಲಿ ಇದಕ್ಕೆ ಒಂದು ಜೀವಂತ ಶಿಲೀಂಧ್ರವೇ ಕಾರಣ, ಸತ್ತ ಹುಳದ ಮೇಲಿನ ಬಿಳಿ ಪುಡಿ ತಗುಲಿದರೆ ಆರೋಗ್ಯದ ಹುಳಕ್ಕೂ ಅದೇ ಕಾಯಿಲೆ ಬರುತ್ತದೆ ಅಂತ ತೋರಿಸಿದ. ಪ್ರಾಣಿಗೆ ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಇದು. 1860ರ ದಶಕದಲ್ಲಿ ಪಾಶ್ಚರ್ ಕೂಡ ಫ್ರಾನ್ಸಿನಲ್ಲಿ ರೇಷ್ಮೆ ಹುಳಗಳ ಗಂಟು ರೋಗದ ಮೇಲೆ ಕೆಲಸ ಮಾಡಿದ. ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗವಿಲ್ಲದ ಚಿಟ್ಟೆಯ ಮೊಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವ ಅವನ ಕ್ರಮವನ್ನು ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ಮಾಡುತ್ತಾರೆ.

ಕೊನೆಯ ಗಂಟು ಬಿಚ್ಚಿದ್ದು ರಾಬರ್ಟ್ ಕಾಕ್. ಅವನು ಮಾಡಿದ್ದು ಬರೀ ನೋಡುವುದಲ್ಲ. ಒಂದೇ ಬಗೆಯ ಕ್ರಿಮಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಬೇರೆಯಾಗಿ ಬೆಳೆಸಿ, ಅದನ್ನೇ ಪ್ರಾಣಿಗೆ ಕೊಟ್ಟು, ಅದೇ ರೋಗ ಬರುತ್ತದಾ ಅಂತ ನೋಡಿದ. ಹಾಗೆ ಬೇರ್ಪಡಿಸಲು ಗಟ್ಟಿ ಮೇಲ್ಮೈ ಬೇಕಿತ್ತು. ಮೊದಲು ಬಳಸುತ್ತಿದ್ದ ಜೆಲಾಟಿನ್ ಎಂಬ ಅಂಟು ಬಿಸಿಗೆ ಕರಗುತ್ತಿತ್ತು. ಅವನ ಪ್ರಯೋಗಾಲಯದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ಅಡುಗೆಯಲ್ಲಿ ಬಳಸುತ್ತಿದ್ದ, ಕಡಲಪಾಚಿಯಿಂದ ತೆಗೆದ ಅಗರ್ ಹಾಕಿ ನೋಡಿ ಅಂದಳು. ಅದು ಕೆಲಸ ಮಾಡಿತು, ಇವತ್ತಿಗೂ ಎಲ್ಲ ಲ್ಯಾಬುಗಳಲ್ಲಿ ಅದೇ. ಅಗರ್ ಬರುವ ಮುಂಚೆಯೇ, 1876ರಲ್ಲಿ, ದನ-ಕುರಿಗಳಿಗೆ ಬರುವ ಆಂಥ್ರಾಕ್ಸ್ ರೋಗದ ಕ್ರಿಮಿಯನ್ನು ಕಾಕ್ ತೋರಿಸಿದ್ದ, 1882ರಲ್ಲಿ ಕ್ಷಯದ್ದನ್ನು ತೋರಿಸಿದ. ಕಾಲರಾದ ಹುಡುಕಾಟಕ್ಕೆ ಅವನು ಕೋಲ್ಕತ್ತಾಗೇ ಬಂದ, 1884ರಲ್ಲಿ ಅಲ್ಲೇ ಕೆಲಸ ಮುಗಿಸಿದ. ಕಾಲರಾ ಕ್ರಿಮಿಯನ್ನು 1854ರಲ್ಲೇ ಫ್ಲಾರೆನ್ಸ್‌ನ ಫಿಲಿಪ್ಪೋ ಪಚೀನಿ ಕಂಡು ಬರೆದಿದ್ದ, ಅದೂ ಮೂಲೆ ಸೇರಿತ್ತು. ಲೀವೆನ್‌ಹುಕ್‌ಗೆ ಆದದ್ದೇ ಇಲ್ಲೂ ಆಯಿತು. ಎಲ್ಲದರ ನಡುವೆ ಇರುವ ಒಂದನ್ನು ಕಂಡರೆ ಸಾಲದು, ಅದೊಂದನ್ನೇ ಹೊರಗೆ ತೆಗೆಯಲು ಬರಬೇಕು. ಆ ಕೆಲಸಕ್ಕೇ 200 ವರ್ಷ ಹಿಡಿಯಿತು.

ನೀವು ಇದನ್ನು ಮಕ್ಕಳಿಗೆ ಹೇಳುವವರಾಗಿದ್ದರೆ ಆ ಮೆಣಸಿನ ಪ್ರಯೋಗವನ್ನೇ ಮಾಡಿಸಿ. ಒಂದು ಲೋಟ ಮಳೆನೀರು ಅಥವಾ ಕೆರೆನೀರಿಗೆ ಒಂದು ಚಮಚ ಕಾಳುಮೆಣಸು ಹಾಕಿ, ಮುಚ್ಚಳ ಸಡಿಲ ಬಿಟ್ಟು ಎರಡು ಮೂರು ವಾರ ಇಡಿ. ಶಾಲೆಯ ಮೈಕ್ರೋಸ್ಕೋಪ್ ಸಾಕು. ಅದಿಲ್ಲದಿದ್ದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ಸಿಗುತ್ತದೆ, ಅದು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದರಲ್ಲಿರುವುದೂ ಒಂದೇ ಒಂದು ಗುಂಡು ಮಸೂರ, ಹಿಡಿಯುವುದೂ ಕಣ್ಣಿನ ಹತ್ತಿರವೇ. ಓಡಾಡುವ ದೊಡ್ಡ ಜೀವಿಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಬ್ಯಾಕ್ಟೀರಿಯಾ ಬೇಕಾದರೆ 400 ಪಟ್ಟಿನ ಮೈಕ್ರೋಸ್ಕೋಪ್ ಹಿಡಿಯಿರಿ, ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ, ನಡುಗುವ ಚುಕ್ಕೆಗಳ ಹಾಗೆ ಕಾಣುತ್ತವೆ. ಮುಗಿದ ಮೇಲೆ ಕೈಗೆ ಸೋಪು ಹಾಕಿ ತೊಳೆಸಿ, ಆ ನೀರನ್ನು ಯಾರೂ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.